ಪೆಟ್ಟಿಗೆಯೊಳಗಿನ ತೋಫು ವ್ಯಾಪಾರಿ

ಪೈಪೋಟಿ ನಡೆಯಬೇಕಾದರೆ ಕಡೇಪಕ್ಷ ಇಬ್ಬರು ವ್ಯಾಪಾರಿಗಳಾದರೂ ಇರಬೇಕು ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಹಮಾಮಾತ್ಸುವಿನ ನಮ್ಮ ಕಾಲುವೆ ಬೀದಿಗೆ ಬಂದಿಲ್ಲ. ಇಲ್ಲಿ ಒಬ್ಬನೇ ವ್ಯಾಪಾರಿಯನ್ನು ಇಟ್ಟುಕೊಂಡು ಭಯಂಕರ ಪೈಪೋಟಿ ನಡೆಸಿದ್ದೇವೆ. ಅದನ್ನು ಹೇಳಲು ನನಗಿಂತ ಯೋಗ್ಯರಿಲ್ಲ, ಏಕೆಂದರೆ ನಾನು ಕ್ಷೌರಿಕ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಯಾರೂ ಸುಳ್ಳು ಹೇಳುವುದಿಲ್ಲ.

ಹಳೆಯ ಚಕ್ರವರ್ತಿಗಳು ತೀರಿಕೊಂಡು ಹೊಸಬರು ಪಟ್ಟಕ್ಕೆ ಬಂದ ಮಾರನೆಯ ವರ್ಷದ ಮಾತು. ಆಗ ಬೀದಿಯ ತುದಿಯಲ್ಲಿ ಸಾರ್ವಜನಿಕ ಸ್ನಾನದ ಮನೆ ಇತ್ತು, ಅದರ ಚಿಮಣಿ ಇತ್ತು, ಸಂಜೆಯಾದರೆ ಸೌದೆ ಹೊಗೆಯ ವಾಸನೆ ಇತ್ತು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಆ ವಾಸನೆ ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆ ಹಸಿಯುತ್ತದೆ.

ನಮ್ಮೂರಿನಲ್ಲಿ ಅರ್ಧ ಜನ ವಾದ್ಯ ತಯಾರಿಸುತ್ತಾರೆ, ಇನ್ನರ್ಧ ಜನ ಅವರಿಗೆ ಅನ್ನ ಬೇಯಿಸುತ್ತಾರೆ. ನುಡಿಸುವವರು ಮಾತ್ರ ಬೇರೆ ಊರಿನವರು. ನನ್ನ ಗಿರಾಕಿ ಅತ್ಸುಮಿ ಇಂಥದೊಂದು ವಾದ್ಯದ ಕಾರ್ಖಾನೆಯಲ್ಲಿದ್ದ. ಯಾರಾದರೂ ಕೇಳಿದರೆ "ಧ್ವನಿಯ ಕೆಲಸ" ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅವನಿದ್ದದ್ದು ವಾದ್ಯಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವ ವಿಭಾಗದಲ್ಲಿ. ಅಲ್ಲಿ ಅವನು ಹೊರಡಿಸಿದ ಏಕೈಕ ಧ್ವನಿ ಅಂಟುಪಟ್ಟಿ ಹರಿಯುವಾಗಿನ ಚರ್ರೆನ್ನುವ ಸದ್ದು.

ಹೊಸ ಯಂತ್ರವೊಂದು ಬಿಡುಗಡೆಯಾದ ವಾರವೇ ಅತ್ಸುಮಿ ನೌಕರರ ರಿಯಾಯಿತಿಯಲ್ಲಿ ಅದನ್ನು ಕೊಂಡು, ಕೂಸನ್ನು ತರುವಂತೆ ಎರಡೂ ಕೈಯಲ್ಲಿ ಹಿಡಿದು ನನ್ನ ಅಂಗಡಿಗೆ ತಂದ. ವಿಡಿಯೋ ಕ್ಯಾಸೆಟ್ಟಿನಷ್ಟೇ ಗಾತ್ರದ ಕಪ್ಪು ಪೆಟ್ಟಿಗೆ, ಮೇಲೊಂದು ಪುಟ್ಟ ಪರದೆ, ಕೆಳಗೆ ಸೋಯಾ ಕಾಳಿನಷ್ಟು ಸಣ್ಣ ರಬ್ಬರ್ ಗುಂಡಿಗಳು.

"ಓಮುರಾಸಾನ್, ಕೈ ಒರೆಸಿಕೊಂಡು ಮುಟ್ಟಿ," ಎಂದ ನನಗೆ.

ಅಕ್ಕಿ ಅಂಗಡಿಯ ಮಿಜೊಗುಚಿಯವರು ನಮ್ಮ ಬೀದಿ ಸಂಘದ ಅಧ್ಯಕ್ಷರು. ತಮಗೆ ಗೊತ್ತಿಲ್ಲದ ವಸ್ತು ಬೀದಿಯಲ್ಲಿರುವುದು ಅವರಿಗೆ ಸೇರದು. ಕುರ್ಚಿಯಿಂದಲೇ ಕೇಳಿದರು: "ಏನಿದು, ಲೆಕ್ಕ ಮಾಡೋ ಯಂತ್ರಾನಾ?"

"ಸಿಂಥಸೈಜರ್, ಅಧ್ಯಕ್ಷರೇ. ಪಿಯಾನೊ, ಪಿಟೀಲು, ಕೊಳಲು, ಡೋಲು, ಎಲ್ಲಾ ಇದರೊಳಗೇ ಇದೆ. ಜೊತೆಗೆ ಸೀಕ್ವೆನ್ಸರೂ ಇದೆ."

"ಅದ್ಯಾವ ವಾದ್ಯ?"

"ವಾದ್ಯ ಅಲ್ಲ. ಒಂದ್ಸಲ ನಾವು ನುಡಿಸಿದ್ದನ್ನ ನೆನಪಿಟ್ಟುಕೊಂಡು, ಆಮೇಲೆ ಅದನ್ನೇ ಮತ್ತೆ ಮತ್ತೆ ತಾನೇ ನುಡಿಸುತ್ತೆ."

"ಹಾಗಾದ್ರೆ ನಮ್ಮತ್ತೆ ಥರ," ಎಂದು ಮಿಜೊಗುಚಿಯವರು ಸಮಾಧಾನಪಟ್ಟರು.

ಇದ್ದದ್ದು ಒಂದೇ ಹೆಡ್‌ಫೋನು. ಒಬ್ಬರು ಕೇಳುತ್ತಿದ್ದರೆ ಉಳಿದವರು ಅವರ ಮುಖ ನೋಡುತ್ತ ಕುಳಿತೆವು. ಕೊನೆಗೆ ಎದುರುಮನೆಯ ಟೋಕಿಯಮ್ಮನ ಸರದಿ ಬಂತು. ಅವರು ಕಣ್ಣು ಮುಚ್ಚಿ ಕೇಳಿ, ಹೆಡ್‌ಫೋನು ಕಳಚಿ, ಮೆಲ್ಲಗೆ ಕೇಳಿದರು: "ಒಳಗೆ ಇಷ್ಟೊಂದು ಜನ ಇದಾರಲ್ಲಪ್ಪ, ಊಟಕ್ಕೇನು ಕೊಡ್ತೀಯಾ?"

"ಬ್ಯಾಟರಿ, ಟೋಕಿಯಮ್ಮ."

"ಹೊಟ್ಟೆ ತುಂಬತ್ತಾ?"

"ಎಲ್ಲಿ ತುಂಬತ್ತೆ! ಮಧ್ಯಾಹ್ನ ಹಾಕಿದ್ದು ಸಂಜೆಗೆ ಖಾಲಿ."

ಅತ್ಸುಮಿಯ ಒಂದು ಬೆರಳಿಗೆ ಮೂರು ಗುಂಡಿ ಒಟ್ಟಿಗೆ ಸಿಗುತ್ತಿದ್ದವು, ಮೂರು ಸ್ವರ ಒಟ್ಟಿಗೆ ಕಿರುಚುತ್ತಿದ್ದವು. ಅವನು ಅದನ್ನು ಆಧುನಿಕ ಸಂಗೀತ ಎಂದ. ಬೀದಿ ಸಂಘದ ಮುಂದಿನ ಕೂಟಕ್ಕೆ "ನಮ್ಮ ಬೀದಿಯ ಹಳೆಯ ಸಂಜೆ" ಎಂಬ ಕೃತಿ ರಚಿಸುವುದಾಗಿಯೂ ಘೋಷಿಸಿದ. ಅದರಲ್ಲಿ ಮರದ ಚಪ್ಪಲಿಯ ಟಕಟಕ ಇರುತ್ತದಂತೆ, ಗಾಳಿಗಂಟೆ ಇರುತ್ತದಂತೆ, ತೋಫು ತುತ್ತೂರಿಯೂ ಇರುತ್ತದಂತೆ. ತುತ್ತೂರಿಯ ಮಾತು ಬಂದಾಗ ಟೋಕಿಯಮ್ಮ ತಲೆ ತಗ್ಗಿಸಿದರು.

ಅದಕ್ಕೆ ಕಾರಣವಿತ್ತು. ಅವರ ಯಜಮಾನ ಗೆನ್ಜೋ ಅಜ್ಜ ನಮ್ಮ ಬೀದಿಯ ತೋಫು ವ್ಯಾಪಾರಿ. ಬೆಳಗಿನ ಜಾವ ಸೋಯಾ ಕಾಳು ರುಬ್ಬಿ, ಹಾಲು ಕಾಸಿ, ಒಡೆದು, ಅಚ್ಚಿಗೆ ಹಾಕಿ, ಸಂಜೆ ಸೈಕಲ್ಲಿನ ಮೇಲೆ ನೀರು ತುಂಬಿದ ಮರದ ತೊಟ್ಟಿಯಲ್ಲಿ ಬಿಳಿ ಬಿಳಿ ತೋಫು ತೇಲಿಸಿಕೊಂಡು ಬರುತ್ತಿದ್ದ. ಅವನ ಹಿತ್ತಾಳೆ ತುತ್ತೂರಿಯನ್ನು ಊದಿದರೆ "ತೋ", ಉಸಿರು ಒಳಗೆಳೆದರೆ "ಫೂ". ಆ ಸದ್ದು ಕೇಳಿದ್ದೇ ನಮ್ಮಮ್ಮ ಬೋಗುಣಿ ಹಿಡಿದು ಬಾಗಿಲಿಗೆ ಓಡುತ್ತಿದ್ದಳು. ಆಮೇಲೆ ನಿಲ್ದಾಣದ ಎದುರು ದೊಡ್ಡ ಅಂಗಡಿ ಬಂತು, ತೋಫು ಪ್ಲಾಸ್ಟಿಕ್ ಡಬ್ಬಿಗೆ ಹೋಯಿತು. ಅಜ್ಜ ಒಂದು ದಿನ ರುಬ್ಬುವುದನ್ನು ನಿಲ್ಲಿಸಿ, ತೊಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಗೋಡೆಗೆ ಮುಖಮಾಡಿ ಕುಳಿತ. ಕೆಲವು ವರ್ಷಗಳಿಂದ ಹಾಗೇ ಕುಳಿತಿದ್ದ. ಹೆಂಡತಿಗೂ "ಹುಂ" ಬಿಟ್ಟರೆ ಬೇರೆ ಮಾತಿಲ್ಲ.

ಯಂತ್ರ ಬಂದ ಎರಡು ದಿನಕ್ಕೆ ಅತ್ಸುಮಿ ಅದರೊಳಗಿನ ಸ್ವರಗಳನ್ನೆಲ್ಲ ತಡಕಾಡಿ, ಹಳೆಯ ತುತ್ತೂರಿಗೆ ಸರಿಸಾಟಿಯಾದ ಒಂದನ್ನು ಹಿಡಿದ. "ತೋ, ಫೂ" ಎಂದು ತುಂಬಿಸಿ, ತಂತಿಯನ್ನು ದೊಡ್ಡ ಕ್ಯಾಸೆಟ್ ಯಂತ್ರಕ್ಕೆ ಸಿಕ್ಕಿಸಿ, ತನ್ನ ಮನೆಯ ಹಿಂಬದಿಯ, ಬಟ್ಟೆ ಒಣಗಿಸುವ ಮಾಳಿಗೆಯ ಬಾಗಿಲು ತೆರೆದು ಗುಂಡಿ ಒತ್ತಿದ. ಸಂಜೆ ಅಡುಗೆಯ ಹೊತ್ತು.

ತೋ... ಫೂ... ತೋ... ಫೂ...

ಸದ್ದು ಸ್ನಾನದ ಮನೆಯ ಎತ್ತರದ ಗೋಡೆಗೆ ಬಡಿದು, ಆಚೆ ಓಣಿಯಿಂದ ಬಂದಂತೆ ನಮ್ಮ ಬೀದಿಗೆ ಇಳಿಯಿತು. ಹೆಂಗಸರೆಲ್ಲ ಬೋಗುಣಿ, ಪಾತ್ರೆ, ಸಿಕ್ಕಿದ್ದು ಹಿಡಿದು ಹೊರಗೆ ಬಂದರು. ತಲೆಗೆ ವಿಷಯ ತಿಳಿಯುವ ಮೊದಲೇ ಕಾಲು ಹೊರಟಿತ್ತು. ಮಿಜೊಗುಚಿಯವರ ಕೈಯಲ್ಲಿ ಅಕ್ಕಿ ಅಳೆಯುವ ಸೇರು.

"ಎಲ್ಲಿ? ಎಲ್ಲಿ?"

"ಆಚೆ ಓಣೀಲಿ, ಓಡ್ರೇ!"

ಓಡಿದರು. ಓಣಿಯಲ್ಲಿ ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ನನ್ನ ಎದುರಿನ ಬಾಗಿಲು ದಡಾರನೆ ತೆರೆಯಿತು. ಒಳ ಅಂಗಿ, ಮೊಣಕಾಲುದ್ದದ ರಬ್ಬರ್ ಬೂಟು. ಗೆನ್ಜೋ ಅಜ್ಜ.

"ಯಾವನವನು?" ಎಂದು ಗುಡುಗಿದ. "ಯಾವನವನು ನನ್ನ ಬೀದೀಲಿ ಊದ್ತಿರೋನು?"

ನಮ್ಮಲ್ಲಿ ಒಬ್ಬ ತೋಫು ವ್ಯಾಪಾರಿಯ ಬೀದಿಗೆ ಇನ್ನೊಬ್ಬ ಬಂದು ತುತ್ತೂರಿ ತುಟಿಗಿಡುವುದು ಎಂದರೆ, ಇನ್ನೊಬ್ಬನ ಮನೆಯ ಸ್ನಾನದ ತೊಟ್ಟಿಗೆ ಕೇಳದೆ ಇಳಿದಂತೆ. ಯುದ್ಧಕಾಲದಲ್ಲೂ ಯಾರೂ ಅದನ್ನು ಮಾಡಿರಲಿಲ್ಲ. "ಸಿಕ್ಕಲಿ, ಅವನ ಸೈಕಲ್ ಮುರಿದು ಸೌದೆ ಒಲೆಗೆ ಹಾಕ್ತೀನಿ," ಎಂದು ಅಜ್ಜ ಬೀದಿಯ ಎರಡೂ ತುದಿಗೆ ಕೇಳುವಂತೆ ಹೇಳಿದ. ಮಾಳಿಗೆಯಲ್ಲಿದ್ದ ಅತ್ಸುಮಿಗೂ ಕೇಳಿತು. ಯಂತ್ರವನ್ನು ನಿಲ್ಲಿಸುವ ಗುಂಡಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಜೊತೆಗೆ ಬರುವ ಕೈಪಿಡಿಯನ್ನು ಸಾವಿರಾರು ಪೆಟ್ಟಿಗೆಗೆ ತುಂಬಿದ್ದನೇ ಹೊರತು ಒಂದನ್ನೂ ಓದಿರಲಿಲ್ಲ. ಬ್ಯಾಟರಿ ಕಿತ್ತು, ಇಂಗು ತಿಂದ ಮಂಗನಂತೆ ಕುಳಿತುಬಿಟ್ಟ.

ಮರುದಿನ ಬೆಳಿಗ್ಗೆ ನನ್ನ ಕುರ್ಚಿಗೆ ಬಂದು, ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಎಲ್ಲವನ್ನೂ ಬಾಯಿಬಿಟ್ಟ. "ಈಗಲೇ ಹೋಗಿ ಅಜ್ಜನ ಕಾಲಿಗೆ ಬೀಳ್ತೀನಿ, ಓಮುರಾಸಾನ್."

ಅವನು ಏಳುವ ಮೊದಲೇ ಟೋಕಿಯಮ್ಮ ಓಡಿಬಂದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ನಿನ್ನೆ ಕಾಳು ನೆನೆಹಾಕಿದ್ರು ಕಣಪ್ಪ! ಬೆಳಿಗ್ಗೆ ಎದ್ದು ರುಬ್ಬಿದ್ರು. ನೀನು ಕಾಳು ಸರಿಯಾಗಿ ತೊಳೆದಿಲ್ಲ ಅಂತ ನನ್ನ ಬೈದ್ರು. ಎಷ್ಟು ಚೆನ್ನಾಗಿ ಬೈದ್ರು ಗೊತ್ತಾ!" ಆಮೇಲೆ ಧ್ವನಿ ತಗ್ಗಿಸಿದರು. "ಆದ್ರೆ ಆ ಕಳ್ಳ ಇವತ್ತು ಬರದೇ ಹೋದ್ರೆ? ಇವರು ಮತ್ತೆ ಆ ತೊಟ್ಟಿ ಬೋರಲು ಹಾಕಿ ಕೂತ್ರೆ ಈ ಸಲ ಏಳಲ್ಲಪ್ಪ. ನನಗೆ ಗೊತ್ತು, ಏಳಲ್ಲ. ಆ ಕಳ್ಳ ದಿನಾ ಬರ್ಲಿ ಅಂತ ಜಿಜೊ ದೇವರಿಗೆ ಊದುಬತ್ತಿ ಹಚ್ಚಿ ಬಂದೆ."

ನಾನು ಕನ್ನಡಿಯಲ್ಲಿ ಅತ್ಸುಮಿಯ ಮುಖ ನೋಡಿದೆ. ನೊರೆಗಿಂತ ಬೆಳ್ಳಗಿತ್ತು.

"ಕಳ್ಳ ಬರ್ತಾನೆ ಬಿಡಿ," ಎಂದೆ.

ಹೀಗೆ ಸಂಗೀತಗಾರ ಅತ್ಸುಮಿ ಎರಡು ಸ್ವರಗಳ ಕೈದಿಯಾದ. ದಿನವೂ ಕಾರ್ಖಾನೆಯಿಂದ ಓಡಿಬಂದು ಗುಂಡಿ ಒತ್ತುವುದು. ಅದು ಕೇಳಿದ್ದೇ ಅಜ್ಜ ಸೈಕಲ್ ಏರುವುದು. ಅಜ್ಜನ ತೋಫು ಮಾತ್ರ ಹಳೆಯದೇ ತೋಫು, ಬಾಯಲ್ಲಿಟ್ಟರೆ ನಮ್ಮಮ್ಮ ಅಡುಗೆಮನೆಯಿಂದ ಇಣುಕಿದಂತಾಗುತ್ತಿತ್ತು. ಜನ ಸಾಲುಗಟ್ಟಿ ಕೊಂಡರು. ಆದರೆ ಜನಕ್ಕೆ ತೋಫುವಿಗಿಂತ ಕಳ್ಳನೇ ರುಚಿಯಾದ. ಒಬ್ಬಳು ಅವನಿಗೆ ಮೀಸೆಯಿದೆ ಎಂದಳು. ಇನ್ನೊಬ್ಬಳು ಅವನು ನಗೋಯಾದವನು, ಹೆಂಡತಿ ಬಿಟ್ಟುಹೋಗಿದ್ದಾಳೆ ಎಂದಳು. ಹಿಂದೆ ಬೀಳಲು ಮಿಜೊಗುಚಿಯವರು ಅಧ್ಯಕ್ಷರಾಗಿದ್ದು ಯಾಕೆ?

"ನಾನು ಅವನ ಹತ್ರ ತಗೊಂಡು ತಿಂದೆ," ಎಂದರು ಗಂಭೀರವಾಗಿ. "ಸ್ವಲ್ಪ ಗಟ್ಟಿ. ಕೊನೇಲಿ ಒಂಚೂರು ಕಹಿ."

ಠಾಣೆಯ ಪೊಲೀಸಪ್ಪ ಬಂದು ಚಹರೆ ಕೇಳಿದ. ಐದು ಜನ ಐದು ಚಹರೆ ಕೊಟ್ಟರು, ಒಂದು ಹೆಂಗಸಿನದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅತ್ಸುಮಿ ಯಾರೂ ಕೇಳದಿದ್ದರೂ "ನನಗೆ ಮೀಸೆ ಇಲ್ಲ" ಎಂದ. ಅದರ ಹಿಂದೆಯೇ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬ ಪುಟ್ಟ ಮೋಟಾರು ಬೈಕಿನಲ್ಲಿ ಬಂದ. ಪರವಾನಗಿಯಿಲ್ಲದ, ಕೊನೆಯಲ್ಲಿ ಕಹಿಯಾಗುವ ತೋಫು ಮಾರಾಟವಾಗುತ್ತಿದೆ ಎಂದು ಅವನಿಗೆ ದೂರು ಹೋಗಿತ್ತು. ಮಿಜೊಗುಚಿಯವರ ನಾಲಿಗೆಯನ್ನು ಟಾರ್ಚ್ ಹಾಕಿ ಪರೀಕ್ಷಿಸಿ, ಬಿಸಿನೀರು ಮಾತ್ರ ಕುಡಿಯಬೇಕೆಂದು ಅಪ್ಪಣೆ ಕೊಡಿಸಿ ಹೋದ.

ಇದೆಲ್ಲ ಸಲೀಸಾಗಿಯೇ ಇತ್ತು, ಕೆಟ್ಟದ್ದು ಅಜ್ಜನ ತುತ್ತೂರಿ. ವ್ಯಾಪಾರ ನಿಲ್ಲಿಸಿದ ಮೇಲೆ ಅಜ್ಜ ಹಲ್ಲಿನ ಸೆಟ್ ಹಾಕಿಸಿಕೊಂಡಿದ್ದ. "ತೋ" ಹೇಗೋ ಬರುತ್ತಿತ್ತು. "ಫೂ" ಎಂದು ಉಸಿರೆಳೆದರೆ ಮೇಲಿನ ಸೆಟ್ ಕಳಚಿ ತುತ್ತೂರಿಗೆ ಅಡ್ಡ ಬೀಳುತ್ತಿತ್ತು. "ತೋ... ಫುಸ್... ಕಟಕ್." ದಿನ ಹೋದಂತೆ ಎದೆಯ ಉಸಿರೂ ಸಾಲದಾಯಿತು. ಆಚೆ ಓಣಿಯ ಕಳ್ಳನದೋ, ಒಂದೇ ಸಮ, ಒಂದೇ ಶ್ರುತಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಒಂದು ಸಂಜೆ ಅಜ್ಜ ನನ್ನ ಅಂಗಡಿಯ ಮೆಟ್ಟಿಲಿನ ಮೇಲೆ ಕುಸಿದು ಕುಳಿತ. "ಓಮುರಾ, ಅವನ ಉಸಿರು ಕೇಳಿದ್ಯಾ? ದಣಿವೇ ಇಲ್ಲ. ಮಳೆ ಬರ್ಲಿ, ಗಾಳಿ ಬರ್ಲಿ, ಒಂದೇ ಸಮ. ಇಂಥೋನ ಎದುರಿಗೆ ನಾನೇನು ಊದ್ಲಿ?"

ಓಡಿಹೋಗಿ ಅತ್ಸುಮಿಗೆ ಹೇಳಿದೆ. "ನಿನ್ನ ವ್ಯಾಪಾರಿಗೆ ಸ್ವಲ್ಪ ವಯಸ್ಸು ಮಾಡಯ್ಯ. ಇಲ್ದಿದ್ರೆ ಅಜ್ಜ ಕೂತುಬಿಡ್ತಾನೆ."

ಅವತ್ತು ಅತ್ಸುಮಿ ಜೀವನದಲ್ಲಿ ಮೊದಲ ಬಾರಿಗೆ ಕೈಪಿಡಿ ಓದಿದ. ಆ ಯಂತ್ರಕ್ಕೆ ನೂರೆಂಟು ವಿದ್ಯೆ ಬರುತ್ತಿತ್ತು, ತಪ್ಪು ಮಾಡುವುದೊಂದು ಬರುತ್ತಿರಲಿಲ್ಲ. ಒಂದು "ತೋ"ವನ್ನು ತುಸು ತಡಮಾಡಿಸಲು, ಒಂದು "ಫೂ"ವನ್ನು ಅರ್ಧಕ್ಕೆ ಒಡೆಯಲು ಅವನು ಪಟ್ಟ ಪಾಡು ದೇವರಿಗೇ ಪ್ರೀತಿ. ತಾಳವಾದ್ಯಗಳ ನಡುವಿದ್ದ ಯಾವುದೋ ಗೊರಗೊರ ಸದ್ದನ್ನು ಹುಡುಕಿ ಕೆಮ್ಮು ಮಾಡಿದ. ಮಾಳಿಗೆಯಲ್ಲಿ ಕುಳಿತು ಅಜ್ಜನ ತುತ್ತೂರಿ ಕಿವಿಗೊಟ್ಟು ಕೇಳುವುದು, ತನ್ನ ವ್ಯಾಪಾರಿಯನ್ನು ಅಜ್ಜನಿಗಿಂತ ಒಂದು ಕೂದಲು ಕೆಳಗಿಡುವುದು. ಅವನ ಹೆಂಡತಿ ಫುಮಿಯೆ ಕೇಳಿಯೇಬಿಟ್ಟಳು: "ರೀ, ಅಷ್ಟು ಒಳ್ಳೇ ಯಂತ್ರ ತಂದು ಅದಕ್ಕೆ ಕೆಮ್ಮು ಕಲಿಸ್ತಿದೀರಲ್ಲ, ನಿಮಗೇನಾಗಿದೆ?"

ಮದ್ದು ನಾಟಿತು. "ಕೆಡ್ತಿದಾನೆ! ಕೇಳಿದ್ಯಾ, ಕೆಡ್ತಿದಾನೆ!" ಎಂದು ಅಜ್ಜ ತೊಡೆ ತಟ್ಟಿಕೊಂಡು ಎದ್ದ. ಆದರೆ ಅಜ್ಜನ ಉಸಿರು ಇಳಿದಂತೆಲ್ಲ ಕಳ್ಳನದೂ ಇಳಿಯಬೇಕಾಯಿತು. ಕೊನೆಕೊನೆಗೆ ಆಚೆ ಓಣಿಯಿಂದ ಬರುತ್ತಿದ್ದುದು ತೋಫು ಮಾರುವವನ ಸದ್ದಲ್ಲ, ಆಸ್ಪತ್ರೆಗೆ ಸೇರಬೇಕಾದವನ ಸದ್ದು. ತೊಡೆ ತಟ್ಟುತ್ತಿದ್ದ ಅಜ್ಜ ಈಗ ತಲೆಯ ಟೋಪಿ ತೆಗೆದು ಕೇಳತೊಡಗಿದ.

ಒಂದು ಸೋಮವಾರ, ಕ್ಷೌರದಂಗಡಿಗೆ ರಜೆ, ನಾನು ಅತ್ಸುಮಿಯ ಮಾಳಿಗೆಯಲ್ಲಿ ಬಾರ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಯಂತ್ರ ಕೆಮ್ಮುತ್ತಿತ್ತು. ಕೆಳಗೆ ಬಾಗಿಲ ಬಳಿ ಧ್ವನಿ ಕೇಳಿತು. ಇಣುಕಿದರೆ ಗೆನ್ಜೋ ಅಜ್ಜ. ಎಲ್ಲರೂ ಸದ್ದು ಹುಡುಕಿಕೊಂಡು ಸದಾ ಆಚೆ ಓಣಿಗೆ ಓಡುತ್ತಿದ್ದರು. ಅಜ್ಜ ಅವತ್ತು ಕೈಯಲ್ಲಿ ಬಿಸಿ ಮಡಕೆ ಇದ್ದುದರಿಂದ, ತುಳುಕದಿರಲೆಂದು ಕಾಲುವೆಯ ದಂಡೆ ಹಿಡಿದು ಹಿಂದುಗಡೆಯಿಂದ ನಿಧಾನವಾಗಿ ಬಂದಿದ್ದ. ಸದ್ದು ನೇರವಾಗಿ ತಲೆಯ ಮೇಲೆಯೇ ಕೇಳಿತ್ತು.

"ಫುಮಿಯೆಸಾನ್, ನಿಮ್ಮ ಮನೇಲಿ ಕಾಯಿಲೆಯೋರು ಇದಾರಲ್ವಾ? ನೋಡ್ಕೊಂಡು ಹೋಗೋಣ ಅಂತ ಬಂದೆ."

"ಇದಾರೆ ಅಜ್ಜ, ಮೇಲಿದಾರೆ," ಎಂದಳು ಫುಮಿಯೆ ನಿಟ್ಟುಸಿರಿಟ್ಟು. "ಹುಟ್ಟಿದಾಗಿಂದ ಹಾಗೇ."

ಅಜ್ಜ ಮೆಟ್ಟಿಲು ಹತ್ತಿದ. ಬಟ್ಟೆಯಲ್ಲಿ ಸುತ್ತಿದ ಮಡಕೆಯಿಂದ ಹಬೆ ಏಳುತ್ತಿತ್ತು. ಅತ್ಸುಮಿ ಗಾಬರಿಯಲ್ಲಿ ನಿಲ್ಲಿಸುವ ಗುಂಡಿಯ ಬದಲು ಪಕ್ಕದ್ದನ್ನು ಒತ್ತಿದ. ಸಾಯುತ್ತಿದ್ದ ವ್ಯಾಪಾರಿ ಒಮ್ಮೆಲೇ ಕುದುರೆಯ ವೇಗದಲ್ಲಿ ತೋಫು ತೋಫು ತೋಫು ಎಂದು ಓಡತೊಡಗಿದ. ನಾನೇ ತಂತಿ ಕಿತ್ತೆ.

"ಅವನೆಲ್ಲಿ?" ಎಂದ ಅಜ್ಜ.

ಅತ್ಸುಮಿ ಪೆಟ್ಟಿಗೆಯ ಕಡೆ ಬೆರಳು ತೋರಿಸಿ, ಹಣೆಯನ್ನು ಚಾಪೆಗೆ ಹಚ್ಚಿದ. "ಯಾರೂ ಇಲ್ಲ ಅಜ್ಜ. ಮೊದಲಿಂದಾನೂ ಯಾರೂ ಇರ್ಲಿಲ್ಲ. ಈ ಯಂತ್ರದಲ್ಲಿ ನಾನೇ ಮಾಡಿದ್ದು."

ಅಜ್ಜ ಮೊಣಕಾಲೂರಿ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಿದ. "ಕೆಮ್ಮು?"

"ಅದೂ ನಾನೇ."

"ಮೊದಲನೇ ದಿನ ಎಷ್ಟು ಚೆನ್ನಾಗಿತ್ತಲ್ಲೋ. ಯಾಕೆ ಕೆಡಿಸಿದೆ?"

ಅತ್ಸುಮಿ ಚಾಪೆಗೇ ಹೇಳಿದ: "ಅವನು... ನಿಮಗಿಂತ ಚೆನ್ನಾಗಿ ಊದಬಾರದು ಅಂತ ಅಜ್ಜ."

ಈಗ ಅಜ್ಜ ಎದ್ದು ಮನೆಗೆ ಹೋಗಿ ಆ ತೊಟ್ಟಿ ಬೋರಲು ಹಾಕಿದರೆ, ಟೋಕಿಯಮ್ಮನಿಗೆ ಯಾವ ಮುಖ ತೋರಿಸುವುದು? ಅಜ್ಜ ಬೈಯಲಿಲ್ಲ. ಮಡಕೆಯ ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು, ಅತ್ಸುಮಿಯ ಮುಂದೆ ಸರಿಸಿದ. "ಅವನಿಗೆ ಅಂತ ತಂದಿದ್ದೆ. ಆರೋದ್ರೊಳಗೆ ತಿನ್ನು." ಅಷ್ಟೇ ಹೇಳಿ ಮೆಟ್ಟಿಲಿಳಿದು ಹೋದ. ನಾವಿಬ್ಬರೂ ತಿಂದೆವು. ಅಂಥ ತೋಫುವನ್ನು ಅಳುತ್ತ ತಿನ್ನಬಾರದು, ಉಪ್ಪು ಹೆಚ್ಚಾಗುತ್ತದೆ.

ಮರುದಿನ ಟೋಕಿಯಮ್ಮ ಬಂದು ನನ್ನ ಅಂಗಡಿಯ ಬಾಗಿಲಲ್ಲಿ ನಿಂತರು. ಬೆಳಿಗ್ಗೆಯಿಂದ ಅಜ್ಜ ಮಾತಾಡಿಲ್ಲ, ತನ್ನನ್ನು ಹೊರಗೆ ಹಾಕಿ ಒಳಗಿನಿಂದ ಬಾಗಿಲು ಹಾಕಿಕೊಂಡಿದ್ದಾನೆ ಎಂದರು. ಸಂಜೆಯಾಯಿತು. ಆಚೆ ಓಣಿಯಲ್ಲಿ ಸದ್ದಿಲ್ಲ. ಹೆಂಗಸರು ಬೋಗುಣಿ ಹಿಡಿದು ಅವರವರ ಬಾಗಿಲಲ್ಲಿ ನಿಂತರು. ಅತ್ಸುಮಿ ವಿದ್ಯುತ್ ಕಂಬದ ಹಿಂದೆ ನಿಂತ, ಕಂಬ ಅವನಿಗಿಂತ ತೆಳ್ಳಗಿತ್ತು. ನನ್ನ ಕುರ್ಚಿಯಲ್ಲಿ ಪೊಲೀಸಪ್ಪ ಅರ್ಧ ಗಡ್ಡದಲ್ಲಿದ್ದ.

ಎದುರಿನ ಬಾಗಿಲು ತೆರೆಯಿತು. ಅಜ್ಜ ಸೈಕಲ್ ತಳ್ಳಿಕೊಂಡು ಹೊರಬಂದ. ಹಿಂದೆ ತೊಟ್ಟಿ, ತುಂಬಿದ ತೊಟ್ಟಿ, ಎಂದಿನದಕ್ಕಿಂತ ದೊಡ್ಡದು. ಟೋಕಿಯಮ್ಮ ನನ್ನ ತೋಳು ಹಿಡಿದುಕೊಂಡರು. ಅಜ್ಜ ಬೀದಿಯ ನಡುವೆ ನಿಂತು ಟೋಪಿ ತೆಗೆದ.

"ಗೆನ್‌ಸಾನ್, ಆ ಇನ್ನೊಬ್ಬ ಇವತ್ತು ಬಂದೇ ಇಲ್ಲ," ಎಂದಳು ಒಬ್ಬಳು.

"ಬರಲ್ಲ. ತೀರ್ಕೊಂಡ."

ಪೊಲೀಸಪ್ಪ ಮುಖದ ನೊರೆಯೊಂದಿಗೇ ಬಂದು ನಿಂತು ಸಲಾಮು ಹೊಡೆದ. ಮಿಜೊಗುಚಿಯವರು ಕಣ್ಣೊರೆಸಿಕೊಂಡರು. "ಒಳ್ಳೇ ತೋಫು ಮಾಡ್ತಿದ್ದ. ಕಹಿ ಅಂದಿದ್ದು ನಾನು, ನನ್ನ ನಾಲಿಗೇನೇ ಸರಿ ಇರ್ಲಿಲ್ಲ."

"ಹೆಸರೇನಂತೆ?" ಎಂದು ಪೊಲೀಸಪ್ಪ ಕೇಳಿದ.

"ಕೇಳ್ಲಿಲ್ಲ," ಎಂದ ಅಜ್ಜ. ಕಂಬದ ಕಡೆ ಒಮ್ಮೆ ನೋಡಿದ. "ಎದುರಾಳಿ ಅಂದ್ಕೊಂಡಿದ್ದೆ. ಹತ್ರದಿಂದ ನೋಡಿದ್ಮೇಲೆ ಗೊತ್ತಾಯ್ತು, ಒಳ್ಳೇ ಮನುಷ್ಯ."

ಅತ್ಸುಮಿ ಕಂಬಕ್ಕೆ ಹಣೆ ಒತ್ತಿ ನಿಂತಿದ್ದ. ಅಜ್ಜ ಮನೆಮನೆಗೆ ತೋಫು ಕೊಟ್ಟು ಮುಗಿಸಿದ. ಇನ್ನೂ ಅರ್ಧ ತೊಟ್ಟಿ ಉಳಿದಿತ್ತು. ಸೈಕಲ್ಲನ್ನು ಮನೆಯ ಕಡೆ ತಿರುಗಿಸದೆ, ಹುಟ್ಟಿದಾಗಿನಿಂದ ಒಮ್ಮೆಯೂ ತುತ್ತೂರಿ ಊದಿರದ ಆಚೆ ಓಣಿಯ ಕಡೆ ತಿರುಗಿಸಿದ.

"ರೀ, ಎಲ್ಲಿಗೆ ಹೊರಟ್ರಿ? ನಿಮ್ಮ ಬೀದಿ ಮುಗೀತಲ್ಲ," ಎಂದು ಟೋಕಿಯಮ್ಮ ಕೂಗಿದರು.

ಅಜ್ಜ ತುತ್ತೂರಿಯನ್ನು ತುಟಿಗಿಟ್ಟವನು ತೆಗೆದು, ಹಿಂದಿರುಗಿ ನೋಡದೆಯೇ ಹೇಳಿದ:

"ಪಾಪ, ಅವನ ಗಿರಾಕಿಗಳು ಕಾಯ್ತಿರ್ತಾರೆ ಕಣೇ."